ಪಟ್ಟೆಯೋ, ಅಂಚೋ, ಚುಕ್ಕೆಯೋ: ಗರಿಯ ಅಂದಕ್ಕೆ ಕೋಳಿ ಆರಿಸುವ ಮುನ್ನ

ಫ್ಯಾನ್ಸಿ ಕೋಳಿ ಸಾಕಲು ಹೊರಟವರು ಸಾಮಾನ್ಯವಾಗಿ ತಳಿಯ ಹೆಸರಿನಿಂದ ಶುರುಮಾಡುತ್ತಾರೆ. ಬ್ರಹ್ಮ ಬೇಕು, ಸೆಬ್ರೈಟ್ ಬೇಕು, ಪೋಲಿಷ್ ಕ್ಯಾಪ್ ಬೇಕು. ಸುಮ್ನೆ ಅಂಗಳದಲ್ಲಿ ಓಡಾಡಿಕೊಂಡಿರಲಿ ಅನ್ನುವವರಿಗೆ ಅಷ್ಟು ಸಾಕು. ಆದರೆ ಮರಿ ಮಾಡಿಸಬೇಕು, ಆ ಮರಿಗಳಲ್ಲೂ ಗರಿಯ ಅಂದ ಉಳಿಯಬೇಕು ಅಂತ ಆಸೆ ಇದ್ದರೆ ತಳಿಗಿಂತ ಮೊದಲು ಗರಿಯ ವಿನ್ಯಾಸವನ್ನು ಆರಿಸಿ. ಕೆಲವು ವಿನ್ಯಾಸ ಒಂದೇ ಜೀನಿನ ಕೆಲಸ. ಒಳ್ಳೆಯ ಜೋಡಿ ಸಿಕ್ಕರೆ ಬಹುಪಾಲು ಮರಿ ಚೆನ್ನಾಗಿಯೇ ಬರುತ್ತವೆ. ಇನ್ನು ಕೆಲವು ಮೂರು ನಾಲ್ಕು ಜೀನು ಒಟ್ಟಿಗೆ ಕೂಡಿದರೆ ಮಾತ್ರ ಮೂಡುತ್ತವೆ. ಅಲ್ಲಿ ಒಂದು ಕಾವಿನ ಮರಿಗಳಲ್ಲಿ ಇಟ್ಟುಕೊಳ್ಳುವಂಥದ್ದು ಒಂದೋ ಎರಡೋ.

ಹಾಗಾಗಿ ನಿಮ್ಮನ್ನು ನೀವೇ ಕೇಳಿಕೊಳ್ಳಬೇಕಾದ ಪ್ರಶ್ನೆ ಇದು: ಒಂದು ವರ್ಷದಲ್ಲಿ ಎಷ್ಟು ಮರಿಗಳನ್ನು ಆರು ತಿಂಗಳ ವಯಸ್ಸಿನವರೆಗೆ ಸಾಕಬಲ್ಲಿರಿ? ಕೋಳಿಗೆ ನಿಜವಾದ ಗರಿ ಬರುವುದು ಐದಾರು ತಿಂಗಳಿಗೆ. ಅದಕ್ಕಿಂತ ಮೊದಲು ಆರಿಸುವುದು ಕುರುಡು ಆಯ್ಕೆ. ಹತ್ತು ಮರಿಗಷ್ಟೇ ಜಾಗ ಇದ್ದರೆ ಒಂದು ದಾರಿ, ಐವತ್ತಕ್ಕೆ ಜಾಗ ಇದ್ದರೆ ಇನ್ನೊಂದು ದಾರಿ. ಈ ಬರಹವನ್ನು ಸುಲಭದ ವಿನ್ಯಾಸದಿಂದ ಕಷ್ಟದ ವಿನ್ಯಾಸದ ಕಡೆಗೆ ಜೋಡಿಸಿದ್ದೇನೆ.

ಮೊದಲು ತಿಳಿದಿರಬೇಕಾದದ್ದು

ಕೋಳಿಯ ಗರಿಗೆ ಬಣ್ಣ ಕೊಡುವುದು ಮುಖ್ಯವಾಗಿ ಎರಡೇ ವರ್ಣದ್ರವ್ಯ. ಒಂದು ಕಪ್ಪು, ಇನ್ನೊಂದು ಕೆಂಪು ಅಥವಾ ಹೊಂಬಣ್ಣ. ಎಲ್ಲ ವಿನ್ಯಾಸವೂ ಈ ಎರಡನ್ನು ಎಲ್ಲಿ ಹಾಕಬೇಕು, ಎಲ್ಲಿ ತಡೆಯಬೇಕು ಅನ್ನುವ ಲೆಕ್ಕ. ಹೊಂಬಣ್ಣವನ್ನು ತಡೆದು ಬೆಳ್ಳಿಯ ಬಿಳಿ ಮಾಡುವ ಜೀನು ಒಂದಿದೆ. ಒಂದೇ ವಿನ್ಯಾಸದಲ್ಲಿ ಗೋಲ್ಡ್ ಮತ್ತು ಸಿಲ್ವರ್ ಎರಡೂ ಇರುವುದು ಅದರಿಂದಲೇ.

ಕೋಳಿಗಳಲ್ಲಿ ಲಿಂಗದ ಲೆಕ್ಕ ಮನುಷ್ಯರಿಗಿಂತ ತಿರುಗುಮುರುಗು. ಹುಂಜಕ್ಕೆ ಒಂದೇ ಥರದ ಎರಡು ಲಿಂಗ ಕ್ರೋಮೋಸೋಮ್ ಇರುತ್ತವೆ, ಹೇಂಟೆಗೆ ಅದು ಒಂದೇ. ಹೇಂಟೆ ಆ ಒಂದನ್ನು ಗಂಡು ಮರಿಗಷ್ಟೇ ಕೊಡುತ್ತಾಳೆ. ಬೆಳ್ಳಿ-ಬಂಗಾರದ ಜೀನು, ಅಡ್ಡಪಟ್ಟೆಯ ಜೀನು ಎರಡೂ ಇದೇ ಕ್ರೋಮೋಸೋಮಿನ ಮೇಲಿವೆ. ಅಂದರೆ ಹೆಣ್ಣು ಮರಿಯ ಪಟ್ಟೆ ಮತ್ತು ಬೆಳ್ಳಿ ಬಣ್ಣ ಅಪ್ಪನಿಂದ ಬಂದದ್ದು, ಅಮ್ಮನಿಂದಲ್ಲ. ಹೇಂಟೆ ಚೆಂದ ಇದೆ ಅಂತ ಸಾಧಾರಣ ಹುಂಜವನ್ನು ಜೊತೆಗೆ ಬಿಟ್ಟು, ಹೆಣ್ಣು ಮರಿಗಳು ತಾಯಿಯ ಹಾಗೆ ಬರಲಿಲ್ಲ ಅಂತ ಬೇಸರ ಪಡುವವರನ್ನು ಬಹಳ ನೋಡಿದ್ದೇನೆ. ಕಾರಣ ಹುಂಜದಲ್ಲಿ ಇರುತ್ತದೆ.

ಅಡ್ಡಪಟ್ಟೆ: ಮೊದಲ ಬಾರಿಯವರಿಗೆ

ಬಾರ್ಡ್ ಪ್ಲಿಮತ್ ರಾಕ್ ಕೋಳಿಯ ಕಪ್ಪು-ಬಿಳಿ ಅಡ್ಡಪಟ್ಟೆ ಒಂದೇ ಪ್ರಬಲ ಜೀನಿನ ಫಲ. ಗರಿ ಬೆಳೆಯುತ್ತಾ ಹೋದಂತೆ ಈ ಜೀನು ಕಪ್ಪನ್ನು ಬಿಟ್ಟು ಬಿಟ್ಟು ತಡೆಯುತ್ತದೆ. ಗರಿ ನಿಧಾನವಾಗಿ ಬೆಳೆಯುವ ಹಕ್ಕಿಗಳಲ್ಲಿ ಪಟ್ಟೆ ಚೊಕ್ಕ. ಬೇಗ ಗರಿ ಬರುವ ಹಕ್ಕಿಗಳಲ್ಲಿ ಅದು ಅಗಲವಾಗಿ, ಕಲಸಿದಂತೆ ಕಾಣುತ್ತದೆ. ಅದನ್ನು ಕುಕೂ ಅನ್ನುತ್ತಾರೆ. ಆರಿಸುವಾಗ ಗರಿ ನಿಧಾನವಾಗಿ ಮೂಡಿದ ಮರಿಗಳನ್ನು ದಡ್ಡ ಮರಿ ಅಂತ ತೆಗೆದುಹಾಕಬೇಡಿ. ಇಲ್ಲಿ ನಿಧಾನವೇ ಒಳ್ಳೆಯದು.

ಇದನ್ನು ನಾನು ಮೊದಲಿಗೆ ಹೇಳುವುದಕ್ಕೆ ಇನ್ನೊಂದು ಕಾರಣ ನಮ್ಮ ನಾಟಿ ಕೋಳಿ. ಶುದ್ಧ ಪಟ್ಟೆಯ ಹುಂಜ ಒಂದನ್ನು ತಂದು ಮನೆಯ ಅಚ್ಚ ಕಪ್ಪು ನಾಟಿ ಹೇಂಟೆಗಳ ಜೊತೆ ಬಿಟ್ಟರೆ ಮರಿಗಳೆಲ್ಲಕ್ಕೂ ಪಟ್ಟೆ ಬರುತ್ತದೆ. ಬೇರೆ ಯಾವ ವಿನ್ಯಾಸದಲ್ಲೂ ಮೊದಲ ತಲೆಮಾರಿಗೇ ಇಷ್ಟು ಸಿಗುವುದು ಕಷ್ಟ. ಇದನ್ನೇ ತಿರುಗಿಸಿ, ಕಪ್ಪು ಹುಂಜಕ್ಕೆ ಪಟ್ಟೆಯ ಹೇಂಟೆ ಕೊಟ್ಟರೆ ಗಂಡು ಮರಿಗೆಲ್ಲ ಪಟ್ಟೆ, ಹೆಣ್ಣು ಮರಿಗಳೆಲ್ಲ ಕಪ್ಪು. ಮೊಟ್ಟೆಯೊಡೆದ ದಿನವೇ ತಲೆಯ ಮೇಲಿನ ಬಿಳಿ ಮಚ್ಚೆ ನೋಡಿ ಗಂಡು ಹೆಣ್ಣು ಬೇರೆ ಮಾಡಬಹುದು. ಮಚ್ಚೆ ಇದ್ದದ್ದು ಗಂಡು.

ಶುದ್ಧ ತಳಿಯಲ್ಲಿ ಹುಂಜಕ್ಕೆ ಈ ಜೀನು ಎರಡು, ಹೇಂಟೆಗೆ ಒಂದು. ಹಾಗಾಗಿ ಹುಂಜ ತಿಳಿ ಬಣ್ಣವಾಗಿಯೂ ಹೇಂಟೆ ಗಾಢವಾಗಿಯೂ ಕಾಣುವುದು ಸಹಜ. ಎರಡೂ ಒಂದೇ ಬಣ್ಣ ಇರಬೇಕು ಅಂತ ಹಠ ಹಿಡಿಯಬೇಡಿ. ಹುಂಜ ಹೇಂಟೆಯಷ್ಟೇ ಗಾಢವಾಗಿದ್ದರೆ ಅದಕ್ಕೆ ಒಂದೇ ಜೀನು ಇರುವ ಸಾಧ್ಯತೆ ಜಾಸ್ತಿ. ಅದು ಎಲ್ಲೋ ಬೆರಕೆಯಾಗಿದೆ.

ನೀಲಿ: ಲೆಕ್ಕ ಗೊತ್ತಿದ್ದರೆ ಸುಲಭ

ನೀಲಿ ಅಂದರೆ ಬೂದಿ ಮಿಶ್ರಿತ ನೀಲಿ, ಕಪ್ಪು ತಿಳಿಯಾದ ಬಣ್ಣ. ಸ್ಪೇನ್ ಮೂಲದ ಆಂಡಲೂಸಿಯನ್ ಕೋಳಿ ಇದಕ್ಕೆ ಹೆಸರುವಾಸಿ. 20ನೇ ಶತಮಾನದ ಆರಂಭದಲ್ಲಿ ಇಂಗ್ಲೆಂಡಿನ ಬೇಟ್‌ಸನ್ ಮತ್ತು ಪನೆಟ್ ಅನುವಂಶೀಯತೆಯ ನಿಯಮಗಳನ್ನು ಪರೀಕ್ಷಿಸಿದ್ದು ಈ ಕೋಳಿಯ ಮೇಲೂ ಹೌದು. ಕೊಚ್ಚಿನ್, ಸಿಲ್ಕಿ, ಆರ್ಪಿಂಗ್ಟನ್‌ಗಳಲ್ಲೂ ನೀಲಿ ಇದೆ.

ನೀಲಿಗೆ ನೀಲಿ ಜೋಡಿ ಮಾಡಿದರೆ ಸರಾಸರಿ ಅರ್ಧ ಮರಿ ನೀಲಿ, ಕಾಲು ಭಾಗ ಕಪ್ಪು, ಕಾಲು ಭಾಗ ಸ್ಪ್ಲಾಶ್, ಅಂದರೆ ಬಿಳಿಯ ಮೇಲೆ ನೀಲಿ ಚಿಮುಕಿಸಿದಂಥ ಬಣ್ಣ. ಎಷ್ಟು ತಲೆಮಾರು ಆರಿಸಿದರೂ ಇದು ಬದಲಾಗುವುದಿಲ್ಲ. ಎಲ್ಲ ಮರಿಯೂ ನೀಲಿಯೇ ಬೇಕು ಅಂದರೆ ಕಪ್ಪು ಮತ್ತು ಸ್ಪ್ಲಾಶ್ ಜೋಡಿ ಮಾಡಿ. ಮಾರುವವರು ಸ್ಪ್ಲಾಶ್ ಹಕ್ಕಿಯನ್ನು ಕೆಟ್ಟ ಬಣ್ಣ ಅಂತ ಕಡಿಮೆ ಬೆಲೆಗೆ ಕೊಡುವುದುಂಟು. ಆಕಾರ ಚೆನ್ನಾಗಿದ್ದರೆ ಬಿಡಬೇಡಿ. ಒಳ್ಳೆಯ ಕಪ್ಪು ಹೇಂಟೆಗಳ ಜೊತೆ ಅಂಥ ಒಂದು ಹುಂಜ ನಿಮ್ಮ ಕೆಲಸವನ್ನು ಬಹಳ ಹಗುರ ಮಾಡುತ್ತದೆ. ಬಿಸಿಲಲ್ಲಿ ನೀಲಿ ಬೇಗ ಮಾಸಿ ಕಂದು ತಿರುಗುತ್ತದೆ, ನೆರಳು ಬೇಕೇಬೇಕು.

ಚುಕ್ಕೆ: ತಾಳ್ಮೆ ಇದ್ದವರಿಗೆ

ಗರಿಯ ತುದಿಯಲ್ಲಿ ಬಿಳಿ ಚುಕ್ಕೆ ಇರುವ ಮಾಟಲ್ಡ್ ಹಕ್ಕಿಗಳು, ಉದಾಹರಣೆಗೆ ಇಟಲಿ ಮೂಲದ ಅಂಕೋನಾ, ಮಾಟಲ್ಡ್ ಕೊಚ್ಚಿನ್ ಬ್ಯಾಂಟಮ್ (ಬ್ಯಾಂಟಮ್ ಅಂದರೆ ಪುಟ್ಟ ಗಾತ್ರದ ಕೋಳಿ). ಇದೂ ಒಂದೇ ಜೀನು, ಆದರೆ ಅಡಗುವ ಜೀನು. ಅಪ್ಪ ಅಮ್ಮ ಇಬ್ಬರಿಂದಲೂ ಬಂದರೆ ಮಾತ್ರ ಕಾಣುತ್ತದೆ. ಬೇರೆ ಬಣ್ಣದ ಕೋಳಿಗೆ ಬೆರೆಸಿದರೆ ಮೊದಲ ತಲೆಮಾರಿನಲ್ಲಿ ಚುಕ್ಕೆ ಮಾಯ. ಆ ಮರಿಗಳನ್ನು ತಮ್ಮಲ್ಲೇ ಜೋಡಿ ಮಾಡಿದಾಗ ಕಾಲು ಭಾಗಕ್ಕೆ ಮರಳಿ ಬರುತ್ತದೆ.

ಇಲ್ಲಿ ಜನ ಎಡವುವುದು ಆರಿಸುವಾಗ. ಪ್ರತಿ ಸಲ ಗರಿ ಉದುರಿಸಿ ಹೊಸ ಗರಿ ಬಂದಾಗ ಬಿಳಿ ಹೆಚ್ಚುತ್ತಾ ಹೋಗುತ್ತದೆ. ಆರು ತಿಂಗಳಿಗೇ ತುಂಬ ಚುಕ್ಕೆ ಇದ್ದು ಕಣ್ಣಿಗೆ ಹಬ್ಬ ಅನ್ನಿಸುವ ಹಕ್ಕಿ ಮೂರನೆಯ ವರ್ಷಕ್ಕೆ ಅರ್ಧ ಬಿಳಿಯಾಗಿರುತ್ತದೆ. ಎಳೆ ವಯಸ್ಸಿನಲ್ಲಿ ಚುಕ್ಕೆ ಕಮ್ಮಿ ಇದ್ದು, ಇದ್ದಷ್ಟು ಚೊಕ್ಕವಾಗಿ ಗರಿಯ ತುದಿಯಲ್ಲೇ ಕೂತಿರುವ ಹಕ್ಕಿಯನ್ನು ಉಳಿಸಿ. ಸಾಧ್ಯವಾದರೆ ಎರಡು ಮೂರು ವರ್ಷದ ಹಕ್ಕಿಗಳಿಂದಲೇ ಮರಿ ಮಾಡಿಸಿ. ವಯಸ್ಸಾದ ಮೇಲೂ ಚುಕ್ಕೆ ಚುಕ್ಕೆಯಾಗಿಯೇ ಉಳಿದದ್ದು ಆಗ ಕಣ್ಣಿಗೆ ಕಾಣುತ್ತದೆ.

ಕತ್ತು ಬಾಲ ಕಪ್ಪು, ಮೈ ಬಿಳಿ

ಲೈಟ್ ಬ್ರಹ್ಮ, ಲೈಟ್ ಸಸೆಕ್ಸ್ ಕೋಳಿಗಳ ಈ ವಿನ್ಯಾಸಕ್ಕೆ ಕೊಲಂಬಿಯನ್ ಅನ್ನುತ್ತಾರೆ. ಮೈಯೆಲ್ಲ ಬಿಳಿ, ಬಾಲ ಕಪ್ಪು, ಕತ್ತಿನ ಪ್ರತಿ ಗರಿಯ ನಡುವೆ ಕಪ್ಪು ಮತ್ತು ಸುತ್ತ ಬಿಳಿ. ಕೊಲಂಬಿಯನ್ ಜೀನು ಮೈ ಮೇಲಿನ ಕಪ್ಪನ್ನು ಕತ್ತು, ಬಾಲ, ರೆಕ್ಕೆಯ ಒಳಭಾಗಗಳಿಗೆ ತಳ್ಳುತ್ತದೆ. ಇದು ನಡುಮಟ್ಟದ ವಿನ್ಯಾಸ. ಬಹುಪಾಲು ಮರಿ ನೋಡಲು ಸರಿಯಾಗಿಯೇ ಇರುತ್ತವೆ. ಆದರೆ ಚೊಕ್ಕ ಕತ್ತು ಬರುವುದು ಕೆಲವಕ್ಕೇ.

ಎರಡು ತಪ್ಪು ಕಾಡುತ್ತವೆ. ಒಂದು, ಬೆನ್ನಿನ ಮೇಲೆ ಮಸಿ ಹಚ್ಚಿದಂಥ ಕಪ್ಪು ಕಲೆ. ಇನ್ನೊಂದು, ಬಿಳಿಯಲ್ಲಿ ಹಿತ್ತಾಳೆಯ ಹಳದಿ ಛಾಯೆ. ಬೆನ್ನಿನ ಕಲೆಗೆ ಹೆದರಿ ಕತ್ತು ತಿಳಿಯಾದ ಹಕ್ಕಿಗಳನ್ನೇ ಆರಿಸುತ್ತಾ ಹೋದರೆ ನಾಲ್ಕೈದು ತಲೆಮಾರಿಗೆ ಕತ್ತಿನ ಕಪ್ಪೇ ಕರಗುತ್ತದೆ. ಕತ್ತು ಗಾಢವಿದ್ದ ಹಕ್ಕಿಗೆ ಬೆನ್ನು ಶುಭ್ರವಿದ್ದ ಹಕ್ಕಿಯನ್ನು ಜೊತೆ ಮಾಡಿ ತೂಗಿಸಿಕೊಂಡು ಹೋಗಬೇಕು. ಹಳದಿಗೆ ಬಿಸಿಲು ಒಂದು ಕಾರಣ, ಹುಂಜದಲ್ಲಿ ಬಂಗಾರದ ಜೀನು ಅಡಗಿರುವುದು ಇನ್ನೊಂದು ಕಾರಣ. ನೆರಳಲ್ಲಿ ಬೆಳೆದರೂ ಹುಂಜದ ಬೆನ್ನು ಹಳದಿ ಇದ್ದರೆ ಎರಡನೆಯದ್ದನ್ನು ಅನುಮಾನಿಸಿ.

ಬ್ರಹ್ಮ ಕೋಳಿ ರೂಪುಗೊಂಡದ್ದು ಅಮೆರಿಕದಲ್ಲಿ, 1840ರ ದಶಕದಲ್ಲಿ ಚೀನಾದ ಶಾಂಘೈ ಬಂದರಿನಿಂದ ಹೋದ ದೊಡ್ಡ ಕೋಳಿಗಳಿಂದ. ಬೆಳೆದ ಹುಂಜ ಐದು ಕಿಲೋ ಆಸುಪಾಸು ತೂಗುತ್ತದೆ. ಕಾಲಿನ ತುದಿಯವರೆಗೂ ಗರಿ. ಆ ಗಾಂಭೀರ್ಯಕ್ಕೆ ಮನಸೋಲದವರು ಕಮ್ಮಿ. ಆದರೆ ಮರಿ ಪೂರ್ತಿ ಬೆಳೆಯಲು ಒಂದು ವರ್ಷಕ್ಕೂ ಹೆಚ್ಚು ಬೇಕು, ಮೇವು ಜಾಸ್ತಿ, ಶಾಖ ಆಗುವುದಿಲ್ಲ. ಕೊಲಂಬಿಯನ್ ವಿನ್ಯಾಸವೇ ಮುಖ್ಯ ಅನ್ನುವವರಿಗೆ ಕಾಲು ಬೋಳಾಗಿರುವ ಲೈಟ್ ಸಸೆಕ್ಸ್ ಹೆಚ್ಚು ಅನುಕೂಲ. ನನ್ನ ಮಟ್ಟಿಗೆ ನಮ್ಮ ಹವೆಗೆ ಸಸೆಕ್ಸೇ ಸರಿ.

ಅಂಚು: ಎಲ್ಲರ ಕಣ್ಣು ಬೀಳುವುದು ಇಲ್ಲಿ

ಪ್ರತಿ ಗರಿಗೂ ರೇಷ್ಮೆ ಸೀರೆಗಿರುವ ಹಾಗೆ ಒಂದು ಅಂಚು. ಬೆಳ್ಳಿ ಅಥವಾ ಹೊನ್ನಿನ ಒಡಲು, ಸುತ್ತ ಕಪ್ಪು ಗೆರೆ. ಲೇಸ್ಡ್ ಅನ್ನುವ ಈ ವಿನ್ಯಾಸ ಚೆನ್ನಾಗಿ ಬಂದಾಗ ಅದನ್ನು ಮೀರಿಸುವ ಗರಿ ಇಲ್ಲ ಅನ್ನುವುದು ನನ್ನ ಖಚಿತ ಅಭಿಪ್ರಾಯ. ಕಷ್ಟವೂ ಅಷ್ಟೇ ಇದೆ.

ಒಂದೇ ಅಂಚು ಮೂಡಬೇಕಾದರೆ ಮೂರು ಜೀನು ಕೂಡಬೇಕು. ಗರಿಯ ಮೇಲೆ ಕಪ್ಪನ್ನು ಗೆರೆಗಳಾಗಿ ಜೋಡಿಸುವ ಪ್ಯಾಟರ್ನ್ ಜೀನು, ಕಪ್ಪನ್ನು ಹೆಚ್ಚಿಸುವ ಮೆಲನೋಟಿಕ್ ಜೀನು, ಮತ್ತು ಮೇಲೆ ಹೇಳಿದ ಕೊಲಂಬಿಯನ್ ಜೀನು. ಪ್ಯಾಟರ್ನ್ ಒಂದೇ ಇದ್ದರೆ ಗರಿಯೊಳಗೆ ಒಂದರೊಳಗೊಂದು ಸಣ್ಣ ಗೆರೆಗಳು ಬರುತ್ತವೆ. ಅದು ಪೆನ್ಸಿಲ್ಡ್. ಪ್ಯಾಟರ್ನ್ ಜೊತೆ ಮೆಲನೋಟಿಕ್ ಸೇರಿ ಕೊಲಂಬಿಯನ್ ಇಲ್ಲದಿದ್ದರೆ ಬಾರ್ನೆವೆಲ್ಡರ್ ಕೋಳಿಯ ಹಾಗೆ ಜೋಡಿ ಅಂಚು. ಮೂರೂ ಸೇರಿದರೆ ಒಂದೇ ಚೊಕ್ಕ ಅಂಚು. ಒಂದು ನಾಟಿ ಕೋಳಿಯನ್ನು ನಡುವೆ ತಂದರೆ ಈ ಮೂರರ ಕಟ್ಟು ಬಿಚ್ಚಿಹೋಗುತ್ತದೆ. ಮತ್ತೆ ಕೂಡಿಸಲು ಹಲವು ತಲೆಮಾರು, ನೂರಾರು ಮರಿ ಬೇಕು. ಲೇಸ್ಡ್ ಹಕ್ಕಿಗೆ ಬೆರಕೆ ಬೇಡವೇ ಬೇಡ.

ನಮ್ಮಲ್ಲಿ ಲೇಸ್ಡ್ ಅಂದಾಗ ಮಾತಿಗೆ ಬರುವ ತಳಿ ಮೂರು: ಸೆಬ್ರೈಟ್, ವೈಯಾಂಡಾಟ್, ಪೋಲಿಷ್.

ಸೆಬ್ರೈಟ್ ಪುಟ್ಟ ಕೋಳಿ. ಹುಂಜವೇ ಸುಮಾರು 600 ಗ್ರಾಂ. 19ನೇ ಶತಮಾನದ ಆರಂಭದಲ್ಲಿ ಇಂಗ್ಲೆಂಡಿನ ಸರ್ ಜಾನ್ ಸಾಂಡರ್ಸ್ ಸೆಬ್ರೈಟ್ ಬೆಳೆಸಿದ ತಳಿ. ಇದರ ವಿಶೇಷ ಏನೆಂದರೆ ಹುಂಜಕ್ಕೂ ಹೇಂಟೆಯಂಥದ್ದೇ ಗರಿ. ಬಾಲದ ಉದ್ದ ಬಾಗು ಗರಿ ಇಲ್ಲ, ಕತ್ತಿನಲ್ಲಿ ಚೂಪು ಗರಿ ಇಲ್ಲ. ಚರ್ಮದಲ್ಲಿ ಗಂಡು ಹಾರ್ಮೋನನ್ನು ಹೆಣ್ಣು ಹಾರ್ಮೋನಾಗಿ ಬದಲಿಸುವ ಒಂದು ಜೀನಿನಿಂದ ಹೀಗೆ. ಬೇರೆ ತಳಿಗಳಲ್ಲಿ ಹುಂಜದ ಚೂಪು ಗರಿಗಳ ಮೇಲೆ ಅಂಚು ಸರಿಯಾಗಿ ಕೂರುವುದಿಲ್ಲ. ಸೆಬ್ರೈಟ್ ಹುಂಜಕ್ಕೆ ತಲೆಯಿಂದ ಬಾಲದವರೆಗೆ ಅಂಚು. ಗಂಡು ಹೆಣ್ಣು ಎರಡನ್ನೂ ಒಂದೇ ಕಣ್ಣಿನಿಂದ ಆರಿಸಬಹುದು. ಇದು ದೊಡ್ಡ ಅನುಕೂಲ. ತೊಂದರೆಯೂ ಸಣ್ಣದಲ್ಲ. ಮೊಟ್ಟೆ ಕಮ್ಮಿ, ಹುಂಜಗಳ ಫಲವತ್ತತೆ ಕಮ್ಮಿ, ಮರಿಗಳು ನಾಜೂಕು, ಮಾರೆಕ್ಸ್ ಅನ್ನುವ, ಕಾಲು ರೆಕ್ಕೆ ಸೋಲಿಸುವ ವೈರಸ್ ರೋಗಕ್ಕೆ ಬೇಗ ತುತ್ತಾಗುತ್ತವೆ. ಮೊಟ್ಟೆಯೊಡೆದ ದಿನವೇ ಮಾರೆಕ್ಸ್ ಲಸಿಕೆ ಹಾಕಿಸಲು ಆಗದಿದ್ದರೆ ಸೆಬ್ರೈಟ್ ಸಹವಾಸ ಬೇಡ.

ವೈಯಾಂಡಾಟ್ ಅಮೆರಿಕದ್ದು. ಅದರ ಸಿಲ್ವರ್ ಲೇಸ್ಡ್ ಬಗೆ 1883ರಲ್ಲಿ ಅಲ್ಲಿನ ಅಧಿಕೃತ ತಳಿಪಟ್ಟಿಗೆ ಸೇರಿತು. ಗಟ್ಟಿ ಕೋಳಿ, ಮೈತುಂಬಿದ ದುಂಡು ಆಕಾರ, ಮೊಟ್ಟೆಯೂ ಚೆನ್ನಾಗಿ ಇಡುತ್ತದೆ. ಮೊಟ್ಟೆ ಜಾಸ್ತಿ ಅಂದರೆ ಮರಿ ಜಾಸ್ತಿ, ಮರಿ ಜಾಸ್ತಿ ಅಂದರೆ ಆಯ್ಕೆಗೆ ಅವಕಾಶ ಜಾಸ್ತಿ. ಲೇಸ್ಡ್ ಹಕ್ಕಿಯಲ್ಲಿ ಮುಂದೆ ಬರಬೇಕು ಅನ್ನುವವರಿಗೆ ನಾನು ಇದನ್ನೇ ಹೇಳುವುದು. ಇದರ ತಲೆಯ ಮೇಲಿನ ಕೆಂಪು ಜುಟ್ಟು ಚಪ್ಪಟೆ, ರೋಸ್ ಕೋಂಬ್. ಈ ಜುಟ್ಟಿನ ಜೀನು ಅಪ್ಪ ಅಮ್ಮ ಎರಡೂ ಕಡೆಯಿಂದ ಬಂದ ಹುಂಜಗಳ ವೀರ್ಯ ದುರ್ಬಲ. ಹಾಗಾಗಿ ಗುಂಪಿನಲ್ಲಿ ಆಗಾಗ ಹುಟ್ಟುವ, ಗರಗಸದಂಥ ಸಾದಾ ಜುಟ್ಟಿನ ಒಳ್ಳೆಯ ಹೇಂಟೆಗಳನ್ನು ತೆಗೆದುಹಾಕಬೇಡಿ. ಪ್ರದರ್ಶನಕ್ಕೆ ಅವು ಆಗುವುದಿಲ್ಲ, ಗುಂಪಿನ ಫಲವತ್ತತೆ ಉಳಿಸುವುದಕ್ಕೆ ಬೇಕು. ಸೆಬ್ರೈಟ್‌ನದ್ದೂ ರೋಸ್ ಕೋಂಬೇ.

ಪೋಲಿಷ್‌ನಲ್ಲಿ ಗೋಲ್ಡ್, ಸಿಲ್ವರ್ ಜೊತೆಗೆ ಬಫ್ ಲೇಸ್ಡ್ ಇದೆ. ಹೊನ್ನಿನ ಒಡಲಿಗೆ ಕಪ್ಪಿನ ಬದಲು ಕೆನೆಬಿಳಿ ಅಂಚು. ಪ್ರಬಲ ಬಿಳಿ ಜೀನು ಕಪ್ಪನ್ನು ಅಳಿಸಿದಾಗ ಹೀಗಾಗುತ್ತದೆ. ತಲೆಯ ಮೇಲಿನ ದೊಡ್ಡ ಗರಿಜುಟ್ಟು ಕಣ್ಣಿಗೆ ಅಡ್ಡ ಬರುತ್ತದೆ. ಹದ್ದು, ಬೆಕ್ಕು, ಕಾಗೆ ಯಾವುದೂ ಕಾಣದು. ಬೇರೆ ಕೋಳಿಗಳು ಜುಟ್ಟನ್ನು ಕುಕ್ಕಿ ಕೀಳುತ್ತವೆ. ಜುಟ್ಟಿನ ಕೆಳಗೆ ತಲೆಬುರುಡೆ ಉಬ್ಬಿದ್ದು ಎಳೆ ಮರಿಗಳಲ್ಲಿ ಅಲ್ಲಿ ಮೂಳೆ ಪೂರ್ತಿ ಕೂಡಿರುವುದಿಲ್ಲ. ಒಂದು ಜೋರು ಕುಕ್ಕು ಸಾಕು, ಮರಿ ಹೋಯಿತು. ಪೋಲಿಷ್ ಸಾಕುವವರು ಅದನ್ನು ಬೇರೆ ಗೂಡಿನಲ್ಲೇ ಇಡಬೇಕು. ನೀರಿನ ಬಟ್ಟಲು ಕಿರಿದಾಗಿರಬೇಕು, ಇಲ್ಲವಾದರೆ ಜುಟ್ಟು ಸದಾ ಒದ್ದೆ.

ಮೂರರಲ್ಲಿ ಯಾವುದನ್ನು ಕೊಂಡರೂ ಗರಿ ನೋಡುವ ಕ್ರಮ ಒಂದೇ. ಹಕ್ಕಿಯನ್ನು ಕೈಯಲ್ಲಿ ಹಿಡಿದು ಎದೆ, ಬೆನ್ನು, ರೆಕ್ಕೆಯ ಮೇಲ್ಭಾಗ ಈ ಮೂರೂ ಕಡೆ ಒಂದೊಂದು ಗರಿ ಬಿಡಿಸಿ ನೋಡಿ. ಅಂಚು ಗರಿಯ ಸುತ್ತ ಒಂದೇ ದಪ್ಪ ಇರಬೇಕು. ತುದಿಯಲ್ಲಿ ದಪ್ಪವಾಗಿ ಪಕ್ಕದಲ್ಲಿ ತೆಳುವಾದರೆ ಅರ್ಧಚಂದ್ರದಂತೆ ಕಾಣುತ್ತದೆ. ಒಡಲಿನಲ್ಲಿ ಮೆಣಸಿನ ಪುಡಿ ಉದುರಿದಂಥ ಕಪ್ಪು ಇರಬಾರದು. ಕಪ್ಪು ಅಂಚಿನ ಆಚೆ ಮತ್ತೆ ತಿಳಿ ಗೆರೆ ಕಂಡರೆ ಅದೂ ದೋಷ. ಎದೆ ಚೆನ್ನಾಗಿದ್ದು ಬೆನ್ನು ಕಲಸಿದ್ದರೆ ತಕ್ಷಣ ಬಿಡಬೇಡಿ. ಬೆನ್ನು ಚೊಕ್ಕವಿರುವ ಜೊತೆಗಾರ ಸಿಕ್ಕರೆ ಸರಿಹೋಗುತ್ತದೆ. ಇಬ್ಬರಿಗೂ ಒಂದೇ ದೋಷ ಇದ್ದರೆ ಮಾತ್ರ ಆ ಜೋಡಿ ಬೇಡ.

ಬೆಳ್ಳಿ ಹುಂಜಕ್ಕೆ ಬಂಗಾರದ ಹೇಂಟೆ ಬಿಟ್ಟರೆ ಹೆಣ್ಣು ಮರಿಗಳು ಬೆಳ್ಳಿಯೇ, ಗಂಡು ಮರಿಗಳು ಮಾತ್ರ ಹಳದಿ ಬೆರೆತ ಬೆಳ್ಳಿ. ಆ ಗಂಡುಗಳನ್ನು ಮುಂದಕ್ಕೆ ಬಳಸಿದರೆ ಬೆಳ್ಳಿಯ ಗುಂಪೇ ಕೆಡುತ್ತದೆ. ಎರಡನ್ನೂ ಬೇರೆ ಬೇರೆ ಇಡಿ.

ಪೆನ್ಸಿಲ್ಡ್: ಎರಡು ಗುಂಪು ಸಾಕುವವರಿಗೆ ಮಾತ್ರ

ಡಾರ್ಕ್ ಬ್ರಹ್ಮ ಹೇಂಟೆಯ ಗರಿ ನೋಡಿದವರು ಮರೆಯುವುದಿಲ್ಲ. ಬೂದಿ ಬಣ್ಣದ ಪ್ರತಿ ಗರಿಯೊಳಗೂ ಗರಿಯ ಆಕಾರದಲ್ಲೇ ಎರಡು ಮೂರು ಕಪ್ಪು ಗೆರೆ. ಅದೇ ತಳಿಯ ಹುಂಜಕ್ಕೆ ಆ ಗೆರೆ ಇಲ್ಲವೇ ಇಲ್ಲ. ಎದೆ ಅಚ್ಚ ಕಪ್ಪು, ಕತ್ತು ಮತ್ತು ಸೊಂಟ ಬೆಳ್ಳಿ. ಪಾರ್ಟ್ರಿಜ್ ಕೊಚ್ಚಿನ್ ಕೂಡ ಹೀಗೆಯೇ, ಬೆಳ್ಳಿಯ ಜಾಗದಲ್ಲಿ ಕೆಂಪು-ಹೊನ್ನು. ತೊಡಕು ಏನೆಂದರೆ, ಚೊಕ್ಕ ಗೆರೆಯ ಹೇಂಟೆಗಳನ್ನು ಕೊಡುವ ಹುಂಜದ ಎದೆ ಅಚ್ಚ ಕಪ್ಪಿರುವುದಿಲ್ಲ, ಅಲ್ಲಲ್ಲಿ ಕಂದು ಅಥವಾ ಬಿಳಿ ಇಣುಕುತ್ತದೆ. ಅಚ್ಚ ಕಪ್ಪು ಎದೆಯ ಹುಂಜದ ಹೆಣ್ಣು ಮರಿಗಳಿಗೆ ಗೆರೆ ಮಂದ. ಅದಕ್ಕೇ ಇಂಗ್ಲೆಂಡ್, ಅಮೆರಿಕದ ಸಾಕಣೆದಾರರು ಹಿಂದಿನಿಂದಲೂ ಹುಂಜಕ್ಕೊಂದು, ಹೇಂಟೆಗೊಂದು ಬೇರೆ ಬೇರೆ ಗುಂಪು ಸಾಕುತ್ತಾ ಬಂದಿದ್ದಾರೆ. ಇದಕ್ಕೆ ಡಬಲ್ ಮೇಟಿಂಗ್ ಅನ್ನುತ್ತಾರೆ.

ಜಾಗ ಕಮ್ಮಿ ಇದ್ದೂ ಇದೇ ಬೇಕು ಅನ್ನುವವರಿಗೆ ಒಂದು ದಾರಿ ಇದೆ. ಹುಂಜದ ಅಂದದ ಆಸೆ ಬಿಟ್ಟು ಹೇಂಟೆಯ ಗುಂಪನ್ನಷ್ಟೇ ಇಟ್ಟುಕೊಳ್ಳಿ. ಹುಂಜ ಕೊಳ್ಳುವಾಗ ಅದರ ಎದೆ ನೋಡಬೇಡಿ. ಅದರ ಅಮ್ಮ ಮತ್ತು ಅಕ್ಕ-ತಂಗಿಯರ ಗರಿ ನೋಡಿ.

ಸಿಲ್ಕಿ ಮತ್ತು ಫ್ರಿಜಲ್

ಇವು ವಿನ್ಯಾಸ ಅಲ್ಲ, ಗರಿಯ ಕಟ್ಟೇ ಬೇರೆ. ಸಿಲ್ಕಿಯ ಗರಿಗೆ ಎಳೆಗಳನ್ನು ಹಿಡಿದಿಡುವ ಕೊಕ್ಕೆ ಇಲ್ಲ, ಹಾಗಾಗಿ ತುಪ್ಪಳದಂತೆ ಕಾಣುತ್ತದೆ. ಅಂಥ ಗರಿಯ ಮೇಲೆ ಅಂಚು, ಪಟ್ಟೆ ಸ್ಪಷ್ಟವಾಗಿ ನಿಲ್ಲುವುದಿಲ್ಲ. ಅಚ್ಚ ಬಿಳಿ, ಕಪ್ಪು, ನೀಲಿಯೇ ಅದಕ್ಕೆ ಚೆಂದ. ಆದರೆ ಸಿಲ್ಕಿ ಹೇಂಟೆ ಕಾವು ಕೂರುವುದರಲ್ಲಿ ಗಟ್ಟಿಗಿತ್ತಿ. ಸೆಬ್ರೈಟ್ ಮೊಟ್ಟೆಗೆ ಇನ್‌ಕ್ಯುಬೇಟರ್‌ಗಿಂತ ಅವಳನ್ನೇ ನಂಬಬಹುದು.

ಫ್ರಿಜಲ್ ಅಂದರೆ ಗರಿ ಹಿಂದಕ್ಕೆ ಸುರುಳಿ ತಿರುಗಿದ ಕೋಳಿ. ಫ್ರಿಜಲ್‌ಗೆ ಫ್ರಿಜಲ್ ಜೋಡಿ ಮಾಡಬೇಡಿ. ಕಾಲು ಭಾಗ ಮರಿಗಳಿಗೆ ಜೀನು ಎರಡೆರಡು ಬಂದು ಗರಿ ಪೆಡಸಾಗಿ ಮುರಿದು, ಮೈ ಬೋಳಾಗಿ ನರಳುತ್ತವೆ. ಫ್ರಿಜಲ್‌ಗೆ ಸದಾ ಸಾದಾ ಗರಿಯ ಜೊತೆ. ಅರ್ಧ ಮರಿ ಸುರುಳಿ ಗರಿಯವೇ ಬರುತ್ತವೆ.

ನಿಮ್ಮ ಊರಿಗೆ ಯಾವುದು?

ಮಲೆನಾಡು, ಕರಾವಳಿಯವರು ಕಾಲಿಗೆ ಗರಿ ಇರುವ ಬ್ರಹ್ಮ, ಕೊಚ್ಚಿನ್ ತರುವ ಮುನ್ನ ಎರಡು ಸಲ ಯೋಚಿಸಿ. ಮಳೆಗಾಲದ ಕೆಸರು ಕಾಲ ಗರಿಗೆ ಮೆತ್ತಿ ಒಣಗದೆ ಹುಣ್ಣಾಗುತ್ತದೆ. ಕಾಲಿನ ಹುರುಪೆ ಹುಳ ಅಡಗಲೂ ಅದೇ ಜಾಗ. ಸಿಲ್ಕಿಯ ಗರಿ ನೀರನ್ನು ತಡೆಯುವುದೇ ಇಲ್ಲ, ನೆನೆದರೆ ಚರ್ಮದವರೆಗೆ ನೆನೆಯುತ್ತದೆ. ನೆಲದಿಂದ ಎತ್ತರಿಸಿದ ಗೂಡು, ಒಣ ಭತ್ತದ ಹೊಟ್ಟು, ಸೂರು ಇಳಿಬಿಟ್ಟ ಮಾಡು ಇದ್ದರೆ ಸಾಕಬಹುದು. ಇಲ್ಲದಿದ್ದರೆ ಬೋಳು ಕಾಲಿನ ಪಟ್ಟೆ ಕೋಳಿಯೋ ವೈಯಾಂಡಾಟೋ ವಾಸಿ.

ಕಲಬುರಗಿ, ರಾಯಚೂರು, ಬಳ್ಳಾರಿ ಕಡೆ ಬೇಸಿಗೆ 40 ಡಿಗ್ರಿ ದಾಟುತ್ತದೆ. ಕೋಳಿ ಬೆವರುವುದಿಲ್ಲ. ಬಾಯಿ ತೆರೆದು ಏದುಸಿರು ಬಿಟ್ಟು, ಕೆಂಪು ಜುಟ್ಟಿನಿಂದ ಶಾಖ ಹೊರಹಾಕಿ ಮೈ ತಣಿಸಿಕೊಳ್ಳುತ್ತದೆ. ಜುಟ್ಟು ದೊಡ್ಡದಿದ್ದು ಮೈ ಹಗುರವಾದ ಆಂಡಲೂಸಿಯನ್, ಅಂಕೋನಾದಂಥ ಮೆಡಿಟರೇನಿಯನ್ ತಳಿಗಳು ಅಲ್ಲಿಗೆ ಸಲ್ಲುತ್ತವೆ. ಬ್ರಹ್ಮ ಅಲ್ಲಿ ಬೇಡ.

ಬೆಂಗಳೂರು, ಮೈಸೂರಿನ ಮಹಡಿಯ ಮೇಲೆ ಸಾಕುವವರಿಗೆ ಬ್ಯಾಂಟಮ್‌ಗಳೇ ಸರಿ. ಹುಂಜದ ಕೂಗು ಪಕ್ಕದ ಮನೆಯವರಿಗೆ ಸಹ್ಯವಾಗಬೇಕಲ್ಲ, ಅದನ್ನು ಮೊದಲೇ ಮಾತಾಡಿಕೊಳ್ಳಿ.

ಪಶ್ಚಿಮ ಘಟ್ಟದ ಅಂಚಿನಲ್ಲಿ ಇರುವವರಿಗೆ ಇನ್ನೊಂದು ಮಾತು. ನಮ್ಮ ಕಾಡಿನ ಬೂದು ಕಾಡುಕೋಳಿಯ ಕತ್ತಿನ ಗರಿಗೆ ಸಮನಾದ ಗರಿ ಊರಕೋಳಿಯಲ್ಲಿಲ್ಲ. ಪ್ರಪಂಚದ ಬಹಳಷ್ಟು ಸಾಕುಕೋಳಿಗಳ ಹಳದಿ ಚರ್ಮದ ಜೀನು ಬಂದದ್ದೂ ಈ ಕಾಡುಕೋಳಿಯಿಂದಲೇ ಅಂತ 2008ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿದೆ. ಆದರೆ ಅದನ್ನು ಹಿಡಿಯುವುದು, ಅದರ ಮೊಟ್ಟೆ ತಂದು ನಾಟಿ ಹೇಂಟೆಯ ಕೆಳಗಿಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಕಾಡಿನದ್ದು ಕಾಡಿನಲ್ಲೇ ಇರಲಿ.

ಮೊಟ್ಟೆ ತರುವುದೋ, ಮರಿಯೋ, ಬೆಳೆದ ಹಕ್ಕಿಯೋ?

ಮೊಟ್ಟೆ ಅಗ್ಗ. ಆದರೆ ದಾರಿಯಲ್ಲಿ ಕುಲುಕಿ ಹಾಳಾಗುವುದು ಜಾಸ್ತಿ, ಅಪ್ಪ ಅಮ್ಮನನ್ನು ನೀವು ನೋಡಿರುವುದಿಲ್ಲ. ತಂದ ಮೊಟ್ಟೆಯನ್ನು ಚೂಪು ತುದಿ ಕೆಳಗೆ ಮಾಡಿ ಒಂದು ದಿನ ಹಾಗೇ ಇಟ್ಟು ಆಮೇಲೆ ಕಾವಿಗಿಡಿ. ಮರಿ ತಂದರೆ ಗರಿಯ ವಿಷಯದಲ್ಲಿ ಏನೂ ಹೇಳಲಾಗದು. ಗರಿಗಾಗಿಯೇ ಸಾಕುವವರಿಗೆ ನಾನು ಹೇಳುವುದು ಬೆಳೆದ ಟ್ರಯೋ, ಒಂದು ಹುಂಜ ಎರಡು ಹೇಂಟೆ. ದುಡ್ಡು ಜಾಸ್ತಿ ಆಗುತ್ತದೆ. ಆದರೆ ಕಣ್ಣಾರೆ ನೋಡಿ ತರುತ್ತೀರಿ. ಹಳೆ ಗರಿ ಉದುರಿ ಹೊಸ ಗರಿ ಬಂದ ಮೇಲೆ ಹೋಗಿ ನೋಡಿ, ಆಗ ಯಾವುದೂ ಮುಚ್ಚಿಡಲಾಗದು.

ತಂದ ಹೇಂಟೆಯ ಮೊಟ್ಟೆಯನ್ನು ತಕ್ಷಣ ಕಾವಿಗೆ ಇಡಬೇಡಿ. ಹಿಂದಿನ ಹುಂಜದ ವೀರ್ಯ ಅವಳ ದೇಹದಲ್ಲಿ ಎರಡು ಮೂರು ವಾರ ಉಳಿಯುತ್ತದೆ. ಹುಂಜ ಬದಲಿಸಿದಾಗಲೆಲ್ಲ ಮೂರು ವಾರ ಬಿಟ್ಟು ಮೊಟ್ಟೆ ಕೂಡಿಡಿ. ಇದನ್ನು ಪಾಲಿಸದೆ ಹೋದರೆ ಯಾವ ಮರಿ ಯಾರದ್ದು ಅನ್ನುವುದೇ ತಿಳಿಯದು.

ಗರಿ ಬೆಳೆಸುವುದು

ಗರಿಯ ಬಹುಪಾಲು ಪ್ರೋಟೀನ್. ಅದರಲ್ಲೂ ಗಂಧಕ ಇರುವ ಮೀಥಿಯೋನಿನ್, ಸಿಸ್ಟೀನ್ ಮುಖ್ಯ. ಬರೀ ಜೋಳ, ರಾಗಿ, ಅಕ್ಕಿನುಚ್ಚು ತಿಂದ ಮರಿಗೆ ಜೀನು ಎಷ್ಟೇ ಒಳ್ಳೆಯದಿದ್ದರೂ ಗರಿ ಪೀಚು. ಮರಿಗಳಿಗೆ ಸುಮಾರು 20 ಶೇಕಡಾ ಪ್ರೋಟೀನ್ ಇರುವ ಸ್ಟಾರ್ಟರ್ ಫೀಡ್ ಕೊಡಿ. ಬೆಳೆದ ಹಕ್ಕಿಗೆ 16 ಶೇಕಡಾ ಸಾಕು. ಗರಿ ಉದುರಿಸಿ ಹೊಸತು ಬರುವ ಎರಡು ಮೂರು ತಿಂಗಳು ಮಾತ್ರ ಮತ್ತೆ 18-20ಕ್ಕೆ ಏರಿಸಿ. ಒಣಮೀನಿನ ಪುಡಿ, ಎಳ್ಳಿನ ಹಿಂಡಿ ಇದಕ್ಕೆ ಒಳ್ಳೆಯದು. ಕಡಲೆಕಾಯಿ ಹಿಂಡಿಯಲ್ಲಿ ಮೀಥಿಯೋನಿನ್ ಕಮ್ಮಿ, ಮೇಲಾಗಿ ಬೂಸ್ಟು ಹಿಡಿದದ್ದಾದರೆ ವಿಷ. ಗರಿ ಬೆಳೆಯುವಾಗ ಕಾಯಿಲೆಯೋ ಹಸಿವೋ ಆದರೆ ಗರಿಯ ಅಡ್ಡಕ್ಕೆ ಒಂದು ಸೊರಗಿದ ಗೆರೆ ಬೀಳುತ್ತದೆ. ಮುಂದಿನ ಸಲ ಗರಿ ಉದುರುವವರೆಗೂ ಅದು ಹೋಗುವುದಿಲ್ಲ.

ಕೊಕ್ಕರೆ ರೋಗದ (ರಾಣಿಖೇತ್) ಲಸಿಕೆಯನ್ನು ಮೊದಲ ವಾರದಲ್ಲೇ ಹಾಕಿಸಿ. ಗಂಬೋರೋ ಅನ್ನುವ ಮರಿಗಳ ವೈರಸ್ ಕಾಯಿಲೆ, ಕೋಳಿ ಸಿಡುಬು ಇವುಗಳ ಲಸಿಕೆಯ ಸಮಯವನ್ನು ಊರಿನ ಪಶುವೈದ್ಯರ ಬಳಿ ಕೇಳಿ. ಹೇನಿಗೆ ಹಕ್ಕಿಗಳು ತಾವೇ ಮಾಡಿಕೊಳ್ಳುವ ಧೂಳುಸ್ನಾನ ಒಳ್ಳೆಯ ಮದ್ದು. ಒಣ ಮಣ್ಣು, ಬೂದಿ ಬೆರೆಸಿದ ಒಂದು ಗುಂಡಿ ನೆರಳಲ್ಲಿ ಇರಲಿ. ಗೂಡಿನಲ್ಲಿ ಕಿಕ್ಕಿರಿದರೆ ಒಂದರ ಗರಿ ಇನ್ನೊಂದು ಕೀಳುತ್ತದೆ. ಹುಂಜ ಒಂದೇ ಹೇಂಟೆಯ ಬೆನ್ನೇರುತ್ತಿದ್ದರೆ ಅವಳ ಬೆನ್ನು ಬೋಳಾಗುತ್ತದೆ. ಮೊಟ್ಟೆ ಕೂಡಿಡುವ ಕಾಲ ಮುಗಿದ ಮೇಲೆ ಹುಂಜವನ್ನು ಬೇರೆ ಮಾಡಿ.

ಮರಿಗಳಿಗೆ ಮೊದಲ ದಿನವೇ ಕಾಲಿಗೆ ಬಣ್ಣದ ಉಂಗುರ ಹಾಕಿ, ಬೆಳೆದಂತೆ ದೊಡ್ಡದು ಬದಲಿಸಿ. ಯಾವ ಜೋಡಿಯ ಮರಿ ಅಂತ ಪುಸ್ತಕದಲ್ಲಿ ಬರೆಯಿರಿ. ಪ್ರತಿ ಹಕ್ಕಿಯ ಎದೆ ಮತ್ತು ಬೆನ್ನಿನ ಒಂದೊಂದು ಉದುರಿದ ಗರಿಯನ್ನು ಅದೇ ಪುಟಕ್ಕೆ ಅಂಟಿಸಿ. ಫೋಟೋದಲ್ಲಿ ಬಣ್ಣ ಬದಲಾಗುತ್ತದೆ, ಗರಿ ಹಾಗಲ್ಲ.

ಕೊನೆಗೆ, ಇದನ್ನೆಲ್ಲ ಶುರುಮಾಡುವ ಮೊದಲೇ ತೀರ್ಮಾನ ಮಾಡಿಕೊಳ್ಳಬೇಕಾದ ಒಂದು ವಿಷಯ. ಕಾವಿನ ಅರ್ಧ ಮರಿ ಗಂಡು. ಹತ್ತು ಹೇಂಟೆಗೆ ಒಂದು ಹುಂಜ ಸಾಕು. ಉಳಿದವು ಐದು ತಿಂಗಳಿಗೇ ಜಗಳಕ್ಕೆ ನಿಲ್ಲುತ್ತವೆ, ಒಂದರ ಗರಿ ಒಂದು ಹಾಳುಮಾಡುತ್ತವೆ. ಅವುಗಳಿಗೆ ಬೇರೆ ಗೂಡು ಇದೆಯೋ, ನಾಟಿ ಕೋಳಿ ಸಾಕುವವರಿಗೆ ಕೊಡುತ್ತೀರೋ, ಮಾಂಸಕ್ಕೆ ಬಳಸುತ್ತೀರೋ ಮೊದಲೇ ಮನೆಯವರೊಂದಿಗೆ ಕೂತು ಮಾತಾಡಿ. ಕೊಡುವಾಗ ಗರಿಯ ದೋಷ ಏನು ಅಂತ ಹೇಳಿಯೇ ಕೊಡಿ. ಅದನ್ನು ತಳಿಯ ಹುಂಜ ಅಂತ ನಂಬಿ ಕೊಂಡವರು ಇನ್ನೊಂದು ಗುಂಪನ್ನು ಅದರಿಂದಲೇ ಕಟ್ಟುತ್ತಾರೆ.